ಯಾರೂ ಇಲ್ಲದ ದ್ವೀಪ ಬಾಡಿಗೆಗಿದೆ

1972ರ ಫೆಬ್ರವರಿಯಲ್ಲಿ ಏರ್ ಸಿಲೋನ್ ಕಂಪನಿಯ ಬಾಡಿಗೆ ವಿಮಾನವೊಂದು ಮಾಲ್ಡೀವ್ಸ್‌ನ ಹುಲುಲೆ ದ್ವೀಪದಲ್ಲಿ ಇಳಿಯಿತು. ಒಳಗಿದ್ದವರು ಇಪ್ಪತ್ತೆರಡು ಮಂದಿ ಇಟಾಲಿಯನ್ನರು. ಪತ್ರಕರ್ತರು ಮತ್ತು ಛಾಯಾಗ್ರಾಹಕರೇ ಹೆಚ್ಚು. ಅವರನ್ನು ಕರೆದುಕೊಂಡು ಹೋಗಲು ಟ್ಯಾಕ್ಸಿ ಬಂದಿರಲಿಲ್ಲ, ಹೋಟೆಲಿನವರೂ ಬಂದಿರಲಿಲ್ಲ. ಪ್ರವಾಸಿಗರಿಗೆಂದು ಕಟ್ಟಿದ ಹೋಟೆಲು ಆ ದೇಶದಲ್ಲಿ ಒಂದೂ ಇರಲಿಲ್ಲ. ದೋಣಿ ಹತ್ತಿ ರಾಜಧಾನಿ ಮಾಲೆ ಸೇರಿದ ತಂಡ ಮೂರು ಮನೆಗಳಲ್ಲಿ ಹಂಚಿಕೊಂಡು ಉಳಿಯಿತು. ಹಣ ಬದಲಾಯಿಸೋಣವೆಂದರೆ ಬ್ಯಾಂಕಿಲ್ಲ. ಹೊರಗಿನ ಜಗತ್ತಿಗೆ ಸುದ್ದಿ ಮುಟ್ಟಿಸಬೇಕೆಂದರೆ ರೇಡಿಯೋ ಮೂಲಕ ಕೊಲಂಬೋಗೆ ಮೋರ್ಸ್ ಸಂಕೇತ ಕುಟ್ಟಬೇಕು. ಆದರೂ ಬಂದವರು ಖುಷಿಯಿಂದಲೇ ಇದ್ದರು. ಸಮುದ್ರದಲ್ಲಿ ಮುಳುಗಿ ಎದ್ದರು, ಸುಟ್ಟ ಮೀನು ತಿಂದರು, ಫೋಟೋ ತೆಗೆದರು. ಆ ಫೋಟೋಗಳೇ ಯುರೋಪಿನಲ್ಲಿ ಮುಂದಿನ ಕೆಲಸ ಮಾಡಿದವು.

ತಂಡವನ್ನು ಕರೆತಂದ ಜಾರ್ಜ್ ಕಾರ್ಬಿನ್ ಇಟಲಿಯ ಟ್ರಾವೆಲ್ ಏಜೆಂಟ್. ಯಾರೂ ಕಾಲಿಡದ ಕಡಲತೀರವನ್ನು ಹುಡುಕುತ್ತ 1971ರಲ್ಲಿ ಕೊಲಂಬೋಗೆ ಬಂದಿದ್ದಾಗ ಅಲ್ಲಿನ ಮಾಲ್ಡೀವ್ಸ್ ರಾಯಭಾರ ಕಚೇರಿಯಲ್ಲಿದ್ದ ಅಹಮದ್ ನಸೀಮ್ ಎಂಬ ಯುವಕನ ಪರಿಚಯವಾಯಿತು. ನಮ್ಮಲ್ಲಿಗೆ ಬನ್ನಿ ಎಂದ ನಸೀಮ್. ಹೋಗುವುದು ಹೇಗೆ? ಸರಕು ಹಡಗಿನಲ್ಲಿ. ಕಾರ್ಬಿನ್ ಹಾಗೆಯೇ ಹೋದರು, ನೋಡಿದರು, ಮರುವರ್ಷವೇ ಜನರನ್ನು ಕರೆತಂದರು. ಇತಿಹಾಸದ ತಮಾಷೆಯೊಂದು ಇಲ್ಲಿದೆ. 1602ರಲ್ಲಿ ಇದೇ ದ್ವೀಪಗಳ ಬಳಿ ಬಂಡೆಗೆ ಬಡಿದು ಒಡೆದ ಫ್ರೆಂಚ್ ಹಡಗಿನ ಹೆಸರೂ ಕಾರ್ಬಿನ್ ಎಂದೇ. ಅದರಿಂದ ಬದುಕುಳಿದ ಫ್ರಾನ್ಸ್ವಾ ಪಿರಾರ್ ಐದು ವರ್ಷ ಇಲ್ಲಿ ಸೆರೆಯಾಳಿನಂತೆ ಕಳೆದ, ಭಾಷೆ ಕಲಿತ, ಊರಿಗೆ ಮರಳಿ ದೊಡ್ಡ ಪುಸ್ತಕ ಬರೆದ. ಮೊದಲ ಕಾರ್ಬಿನ್ ತಂದವರಿಗೆ ಇಲ್ಲಿಂದ ಹೋಗುವ ದಾರಿ ಕಾಣಲಿಲ್ಲ. ಎರಡನೆಯವರು ತಂದವರು ರಜೆ ಮುಗಿಯಿತಲ್ಲ ಎಂದು ಕೊರಗುತ್ತ ಹೋದರು.

ಇವೆರಡರ ನಡುವೆ ದ್ವೀಪಗಳೇನೂ ಬದಲಾಗಿರಲಿಲ್ಲ. ಅದೇ ಹವಳದ ದಿಬ್ಬ, ಅದೇ ತೆಂಗು, ಅದೇ ತಿಳಿನೀಲಿ ನೀರು. ಬದಲಾದದ್ದು ಒಂಟಿತನಕ್ಕೆ ಇದ್ದ ಬೆಲೆ. ಮಾಲ್ಡೀವ್ಸ್ ಪ್ರವಾಸೋದ್ಯಮದ ಅರ್ಧ ಶತಮಾನವೆಂದರೆ ಆ ಒಂಟಿತನವನ್ನು ಸರಕಾಗಿ ತಯಾರಿಸಿ, ಅಳತೆ ಹಾಕಿ, ರಾತ್ರಿಯ ಲೆಕ್ಕದಲ್ಲಿ ಮಾರಿದ ಕತೆ.

ಮಾರಲು ಅವಸರವೂ ಇತ್ತು. 1965ರಲ್ಲಿ ಬ್ರಿಟಿಷರಿಂದ ಬಿಡುಗಡೆ, 1968ರಲ್ಲಿ ಸುಲ್ತಾನರ ಆಳ್ವಿಕೆಗೆ ಮಂಗಳ. ಜನಸಂಖ್ಯೆ ಒಂದೂಕಾಲು ಲಕ್ಷದ ಆಸುಪಾಸು. ಆದಾಯವೆಂದರೆ ಮೀನು: ಸೂರೆ (ಟ್ಯೂನಾ) ಮೀನನ್ನು ಬೇಯಿಸಿ, ಹೊಗೆಗೆ ಹಿಡಿದು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಸರಕು. ಸಿಂಹಳೀಯರ ಅಡುಗೆಯಲ್ಲಿ ಇದರ ಪುಡಿ ಬೀಳದ ಸಾಂಬೋಲ್ ಚಟ್ನಿ ಇಲ್ಲ. ಕೊಳ್ಳುವವರು ಅವರೊಬ್ಬರೇ ಅನ್ನುವಷ್ಟು ವ್ಯಾಪಾರ ಶ್ರೀಲಂಕಾಕ್ಕೆ ಕಟ್ಟುಬಿದ್ದಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಲುಕಿದ ಶ್ರೀಲಂಕಾ ಆಮದು ಕಡಿತ ಮಾಡಿದಾಗ ಮಾಲೆಯ ಗೋದಾಮುಗಳಲ್ಲಿ ಮೀನು ಉಳಿಯಿತು. ಹಳೆಯ ಕಾಲದ ಇನ್ನೊಂದು ಸರಕು ಕವಡೆ. ಬಂಗಾಳದಿಂದ ಪಶ್ಚಿಮ ಆಫ್ರಿಕಾದವರೆಗೆ ನಾಣ್ಯವಾಗಿ ಓಡಿದ ಕವಡೆಯ ದೊಡ್ಡ ಪಾಲು ಈ ಲಗೂನುಗಳಿಂದಲೇ ಹೋದದ್ದು. ನಮ್ಮ ಚೌಕಾಬಾರದ ಮನೆಗಳಲ್ಲಿ ಉರುಳುವುದೂ ಅದೇ ಜಾತಿಯ ಕವಡೆ. ಆದರೆ ಆ ವ್ಯಾಪಾರ ಹತ್ತೊಂಬತ್ತನೇ ಶತಮಾನದಲ್ಲೇ ಸತ್ತಿತ್ತು. 1976ರಲ್ಲಿ ತೆಂಕಣ ತುದಿಯ ಗಾನ್ ದ್ವೀಪದಿಂದ ಬ್ರಿಟಿಷ್ ವಾಯುಪಡೆಯೂ ಗಂಟುಮೂಟೆ ಕಟ್ಟಿತು. ನೂರಾರು ಜನರ ಸಂಬಳ ಹೋಯಿತು. ಸೈನಿಕರಿದ್ದ ಕಟ್ಟಡಗಳು ಮುಂದೆ ಹೋಟೆಲಾದವು.

ಅರವತ್ತರ ದಶಕದಲ್ಲಿ ಬಂದಿದ್ದ ವಿಶ್ವಸಂಸ್ಥೆಯ ತಂಡವೊಂದು, ಈ ದೇಶಕ್ಕೆ ಪ್ರವಾಸೋದ್ಯಮ ಒಗ್ಗದು ಎಂದು ಹೇಳಿಹೋಗಿತ್ತೆಂಬುದು ಮಾಲೆಯಲ್ಲಿ ಇವತ್ತಿಗೂ ನಗುನಗುತ್ತ ಹೇಳುವ ಕತೆ. ತಜ್ಞರನ್ನು ಬೈಯುವುದು ಸುಲಭ. ಆದರೆ ಆಗಿನ ಸ್ಥಿತಿಯಲ್ಲಿ ಯಾರೇ ಬಂದಿದ್ದರೂ ಬೇರೆ ಮಾತು ಹೇಳುತ್ತಿರಲಿಲ್ಲವೇನೋ. ಹುಲುಲೆಯ ಮೊದಲ ರನ್‌ವೇ 1960ರಲ್ಲಿ ತೂತುಬಿದ್ದ ಉಕ್ಕಿನ ಹಲಗೆಗಳನ್ನು ಜೋಡಿಸಿ ಹಾಸಿದ್ದು. ಗಟ್ಟಿ ಹಾಸು ಬಂದದ್ದು 1966ರಲ್ಲಿ. ಕುಡಿಯುವ ನೀರು ಮಳೆಯದ್ದು, ಇಲ್ಲವೇ ಸವುಳು ಬಾವಿಯದ್ದು. ಅಕ್ಕಿ, ಹಿಟ್ಟು, ಸಕ್ಕರೆ ಎಲ್ಲವೂ ಹಡಗಿನಲ್ಲಿ ಬರಬೇಕು.

ಇಷ್ಟರ ನಡುವೆ ನಸೀಮ್, ಮೊಹಮದ್ ಉಮರ್ ಮಾನಿಕು ಮತ್ತು ಹುಸೇನ್ ಅಫೀಫ್ ಎಂಬ ಮೂವರು ಸ್ನೇಹಿತರು ಮಾಲೆಯ ಪಕ್ಕದ ವಿಹಮನಾಫುಶಿ ಎಂಬ ತೆಂಗಿನ ತೋಟದ ದ್ವೀಪದಲ್ಲಿ ಮೂವತ್ತು ಕೋಣೆ ಕಟ್ಟಿದರು. ಗೋಡೆಗೆ ಹವಳದ ಕಲ್ಲು, ಮಾಡಿಗೆ ತೆಂಗಿನ ಗರಿ. ಸ್ನಾನದ ಮನೆಯ ಶವರಿನಿಂದ ಸುರಿಯುತ್ತಿದ್ದುದು ಸವುಳು ನೀರೇ. ಎಳನೀರು ಎಂಬ ಅರ್ಥದ ‘ಕುರುಂಬಾ’ ಎಂಬ ಹೆಸರಿಟ್ಟು 1972ರ ಅಕ್ಟೋಬರ್‌ನಲ್ಲಿ ತೆರೆದ ಇದೇ ದೇಶದ ಮೊದಲ ರೆಸಾರ್ಟು. ಅಡುಗೆ, ಬಡಿಸುವಿಕೆ, ದೋಣಿ, ಲೆಕ್ಕ ಎಲ್ಲವನ್ನೂ ಅವರೂ ಅವರ ಗೆಳೆಯರೂ ಕಲಿಯುತ್ತಲೇ ಮಾಡಿದರು. ಅದೇ ವರ್ಷ ಬಂಡೋಸ್ ಎಂಬ ಎರಡನೆಯದೂ ತೆರೆಯಿತು. ಆ ವರ್ಷ ದೇಶಕ್ಕೆ ಬಂದ ಪ್ರವಾಸಿಗರು ಸುಮಾರು ಸಾವಿರ. ಡಾಲರು, ಲೀರಾ, ಮಾರ್ಕುಗಳನ್ನು ಇಡಲು ಒಂದು ಜಾಗ ಬೇಕಿತ್ತಲ್ಲ. 1974ರಲ್ಲಿ ಮಾಲೆಯಲ್ಲಿ ಬಾಗಿಲು ತೆರೆದದ್ದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ.

ವಿಹಮನಾಫುಶಿಯಲ್ಲಿ ಊರಿರಲಿಲ್ಲ ನಿಜ. ಆದರೆ ಊರಿಲ್ಲದ ದ್ವೀಪವೆಂದರೆ ಯಾರಿಗೂ ಬೇಡವಾದ ದ್ವೀಪವೆಂದಲ್ಲ. ಮಾಲ್ಡೀವ್ಸ್‌ನಲ್ಲಿ ಇರುವ ಸುಮಾರು 1,190 ದ್ವೀಪಗಳಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ಕಡೆ. ಉಳಿದವು ಸುಲ್ತಾನನ ಅಥವಾ ಸರ್ಕಾರದ ಸೊತ್ತು. ಗೇಣಿಗೆ ಹಿಡಿದವರು ತೆಂಗು ಕೀಳುತ್ತಿದ್ದರು, ಪಕ್ಕದ ಊರಿನವರು ಸೌದೆಗೂ ಗರಿಗೂ ದೋಣಿಯಲ್ಲಿ ಬಂದು ಹೋಗುತ್ತಿದ್ದರು, ಮೀನುಗಾರರು ಬಿರುಗಾಳಿಗೆ ಅಲ್ಲಿ ತಂಗುತ್ತಿದ್ದರು. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟವಿದ್ದಂತೆ: ಮನೆಯಿಲ್ಲ, ಆದರೆ ಮನೆಗಳು ನಡೆಯುವುದು ಅದರಿಂದ. ರೆಸಾರ್ಟು ಬಂದ ಮೇಲೆ ಆ ದಂಡೆಗೆ ದೋಣಿ ಹಚ್ಚುವ ಹಾಗಿಲ್ಲ. ಪ್ರವಾಸಿಗ ನೋಡುವ ‘ಯಾರೂ ಇಲ್ಲದ’ ತೀರದಲ್ಲಿ ಮೊದಲು ಅಷ್ಟಿಷ್ಟು ಜನ ಇದ್ದೇ ಇರುತ್ತಿದ್ದರು.

ಒಂಟಿ ದ್ವೀಪದ ಬಗ್ಗೆ ಸ್ಥಳೀಯರಿಗೆ ಇದ್ದ ಭಾವನೆಯೇ ಬೇರೆ. ಶತಮಾನಗಳ ಕಾಲ ಇಲ್ಲಿನ ನ್ಯಾಯಾಲಯಗಳು ಕೊಡುತ್ತಿದ್ದ ಸಾಮಾನ್ಯ ಶಿಕ್ಷೆ ಗಡೀಪಾರು. ತಪ್ಪಿತಸ್ಥನನ್ನು ಜೈಲಿಗೆ ಹಾಕುವ ಬದಲು ದೂರದ ಯಾವುದಾದರೂ ದ್ವೀಪಕ್ಕೆ ಕಳಿಸಿಬಿಡುವುದು, ದೋಣಿ ಹತ್ತದಂತೆ ನೋಡಿಕೊಳ್ಳುವುದು. ಸಮುದ್ರವೇ ಗೋಡೆ. ಇದು ಸುಲ್ತಾನರ ಕಾಲಕ್ಕೆ ಮುಗಿದ ಮಾತೂ ಅಲ್ಲ. ಕುರುಂಬಾ ತೆರೆದ ಮರುವರ್ಷ, 1973ರಲ್ಲಿ, ಸರ್ಕಾರವನ್ನು ಟೀಕಿಸಿದ ತಪ್ಪಿಗೆ ಈಜಿಪ್ಟಿನಲ್ಲಿ ಓದಿ ಬಂದಿದ್ದ ಶಿಕ್ಷಕರೊಬ್ಬರನ್ನು ಉತ್ತರದ ಮಕುನುದೂ ದ್ವೀಪಕ್ಕೆ ಅಟ್ಟಲಾಯಿತು. ಅವರ ಹೆಸರು ಮೌಮೂನ್ ಅಬ್ದುಲ್ ಗಯೂಮ್. ಕೆಲವೇ ತಿಂಗಳಲ್ಲಿ ಕ್ಷಮೆ ಸಿಕ್ಕಿತು. 1978ರಲ್ಲಿ ಅವರೇ ಅಧ್ಯಕ್ಷರಾದರು. ಮೂವತ್ತು ವರ್ಷ ಆಳಿದರು. ಮಾಲ್ಡೀವ್ಸ್ ಜಗತ್ತಿನ ಮಧುಚಂದ್ರದ ತಾಣವಾದದ್ದು ಅವರ ಅವಧಿಯಲ್ಲಿ. ಒಂದೇ ಕಾಲದಲ್ಲಿ ಒಂದೇ ಸಮುದ್ರದಲ್ಲಿ ಕೆಲವರು ದುಡ್ಡು ಕೊಟ್ಟು ಒಂಟಿ ದ್ವೀಪಕ್ಕೆ ಹೋಗುತ್ತಿದ್ದರು, ಕೆಲವರನ್ನು ಹಿಡಿದು ಕಳಿಸಲಾಗುತ್ತಿತ್ತು.

ಮೊದಲ ವರ್ಷಗಳಲ್ಲಿ ಮಾತ್ರ ಬೇಲಿ ಅಷ್ಟು ಬಿಗಿಯಾಗಿರಲಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಯುರೋಪಿನ ಹುಡುಗರು ಹಳ್ಳಿಗಳಲ್ಲೇ ಉಳಿಯುತ್ತಿದ್ದರು, ಮನೆಯವರು ಕೊಟ್ಟ ಮೀನು ಸಾರು ಉಣ್ಣುತ್ತಿದ್ದರು. ಊರಿನ ಹಿರಿಯರಿಗೆ ಅವರ ಬಟ್ಟೆ ಕಂಡು ಇರುಸುಮುರುಸು. ಈ ಜಗಳಕ್ಕೂ ಹಳೆಯ ಬೇರಿದೆ: ಹದಿನಾಲ್ಕನೇ ಶತಮಾನದಲ್ಲಿ ಇಲ್ಲಿ ಕಾಜಿಯಾಗಿದ್ದ ಮೊರಾಕ್ಕೋದ ಇಬ್ನ್ ಬತೂತ, ಎದೆ ಮುಚ್ಚಿಕೊಳ್ಳಿ ಎಂದು ಸ್ಥಳೀಯ ಹೆಂಗಸರಿಗೆ ಆಜ್ಞೆ ಮಾಡಿ ಸೋತು, ಸೋತದ್ದನ್ನು ತಾನೇ ಬರೆದಿಟ್ಟಿದ್ದಾನೆ. ಆರುನೂರು ವರ್ಷಗಳ ಮೇಲೆ ಊರಿನವರೇ ಮೈತುಂಬ ಬಟ್ಟೆಯಲ್ಲಿದ್ದರು, ಬಂದವರು ಬರಿಮೈಯಲ್ಲಿ. ಎಂಬತ್ತರ ದಶಕದಲ್ಲಿ ಸರ್ಕಾರ ಹಳ್ಳಿಗಳ ವಾಸ್ತವ್ಯವನ್ನು ನಿಲ್ಲಿಸಿತು. ಪ್ರವಾಸಿಗ ರೆಸಾರ್ಟಿನಲ್ಲಿ, ಪ್ರಜೆ ತನ್ನ ಊರಿನಲ್ಲಿ. ಊರು ನೋಡಬೇಕೆಂದರೆ ಹಗಲು ಹೊತ್ತು ಗೈಡಿನ ಜೊತೆ ಬಂದು, ಅಂಗಡಿಯಲ್ಲಿ ಏನಾದರೂ ಕೊಂಡು, ಕತ್ತಲಾಗುವ ಮುಂಚೆ ದೋಣಿ ಹತ್ತಬೇಕು.

1983ರಲ್ಲಿ ಮೊದಲ ಮಾಸ್ಟರ್ ಪ್ಲಾನ್ ಬಂತು. ಒಂದು ದ್ವೀಪ, ಒಂದು ರೆಸಾರ್ಟ್ ಎಂಬ ಪದ್ಧತಿ ನೆಲೆಯಾಯಿತು. ದ್ವೀಪದ ನೆಲದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಕಟ್ಟಡ ಬೇಡ, ಯಾವ ಮಾಡೂ ತೆಂಗಿನ ತಲೆಯನ್ನು ಮೀರಬಾರದು, ಪ್ರತಿ ಕೋಣೆಗೂ ಇಷ್ಟು ಉದ್ದದ ತೀರ ಸಿಗಬೇಕು ಎಂಬಂಥ ನಿಯಮಗಳು ಬೆಳೆದವು. ಇವನ್ನು ಮೆಚ್ಚಲೇಬೇಕು. ಗೋವಾದ ಕಲಂಗುಟ್ ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಈ ನಿಯಮಗಳ ಗುರಿ ಪರಿಸರವೊಂದೇ ಆಗಿರಲಿಲ್ಲ. ದೋಣಿಯಿಂದ ನೋಡಿದರೆ ದ್ವೀಪದಲ್ಲಿ ಏನೂ ಇಲ್ಲವೆಂಬಂತೆ ಕಾಣಬೇಕಿತ್ತು.

ಆ ‘ಏನೂ ಇಲ್ಲ’ ಎಂಬುದಕ್ಕೆ ಬೇಕಾಗುವ ದುಡಿಮೆಯನ್ನು ಹತ್ತಿರದಿಂದ ನೋಡಬೇಕು. ಅತಿಥಿಗಳು ಏಳುವ ಮುಂಚೆ, ಬೆಳಕು ಹರಿಯುವಾಗ, ಕೆಲಸಗಾರರು ಸಾಲಾಗಿ ಮರಳಿಗೆ ಇಳಿಯುತ್ತಾರೆ. ರಾತ್ರಿ ಅಲೆ ತಂದು ಹಾಕಿದ ಹುಲ್ಲು, ಗರಿ, ಪ್ಲಾಸ್ಟಿಕ್ ಬಾಟಲಿ ಆರಿಸುತ್ತಾರೆ. ಆಮೇಲೆ ಬಾಚಣಿಗೆಯಂಥ ಕುಂಟೆಯಿಂದ ಮರಳನ್ನು ಗೀರುತ್ತ ಹಿಂದೆ ಹಿಂದೆ ಸರಿಯುತ್ತಾರೆ, ತಮ್ಮ ಹೆಜ್ಜೆಗುರುತೂ ಉಳಿಯದ ಹಾಗೆ. ಮರದ ಮೇಲಿನ ತೆಂಗಿನಕಾಯಿ ಯಾರ ತಲೆಗೂ ಬೀಳದಂತೆ ಮೊದಲೇ ಇಳಿಸಿರುತ್ತಾರೆ. ಜನರೇಟರು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ನೂರಾರು ಸಿಬ್ಬಂದಿಯ ಕೋಣೆಗಳು, ಅವರ ಮಸೀದಿ, ಅವರ ಊಟದ ಮನೆ ಎಲ್ಲವೂ ದ್ವೀಪದ ನಡುವೆ ಗಿಡಗಳ ಮರೆಯಲ್ಲಿ. ದುಡಿಯುವವರಲ್ಲಿ ದೊಡ್ಡ ಪಾಲು ಬಾಂಗ್ಲಾದೇಶ, ಭಾರತ, ಶ್ರೀಲಂಕಾ, ನೇಪಾಳದವರು. ದ್ವೀಪದಲ್ಲೇ ಉಳಿದು ದುಡಿಯಬೇಕಾದ ಕಾರಣ ಸ್ಥಳೀಯ ಹೆಣ್ಣುಮಕ್ಕಳು ಬಹುಕಾಲ ಈ ಕೆಲಸದಿಂದ ಹೊರಗೇ ಉಳಿದರು.

ಗಡಿಯಾರವೂ ಬೇರೆ. ಎಷ್ಟೋ ರೆಸಾರ್ಟುಗಳು ಮಾಲೆಗಿಂತ ಒಂದು ಗಂಟೆ ಮುಂದಿನ ‘ದ್ವೀಪದ ಸಮಯ’ ಇಟ್ಟುಕೊಂಡಿವೆ. ಸೂರ್ಯಾಸ್ತ ತಡವಾಗಿ ಆಗಲಿ, ಅತಿಥಿಗೆ ಸಂಜೆ ಉದ್ದವಾಗಲಿ ಎಂದು. ಕಾನೂನೂ ಬೇರೆ: ದೇಶದೊಳಗೆ ಮದ್ಯ ತರುವ ಹಾಗಿಲ್ಲ. ಪ್ರವಾಸಿಗ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ವಿಮಾನ ನಿಲ್ದಾಣದಲ್ಲೇ ಚೀಟಿ ಕೊಟ್ಟು ಇಟ್ಟುಕೊಳ್ಳುತ್ತಾರೆ, ಮರಳುವಾಗ ಕೊಡುತ್ತಾರೆ. ಅರ್ಧ ಗಂಟೆಯ ದೋಣಿ ಪ್ರಯಾಣದ ಆಚೆ ರೆಸಾರ್ಟಿನ ಬಾರಿನಲ್ಲಿ ಬೇಕಾದ್ದು ಸಿಗುತ್ತದೆ. ಶೇಕಡಾ ನೂರು ಮುಸ್ಲಿಂ ಪ್ರಜೆಗಳ ದೇಶ ಬದುಕುವುದಕ್ಕೆಂದು ಕಂಡುಕೊಂಡ ಈ ಏರ್ಪಾಡನ್ನು ಕಪಟ ಎನ್ನುವವರಿದ್ದಾರೆ. ಜಾಣತನವೆಂದು ಕರೆಯುವುದೇ ಹೆಚ್ಚು ಸರಿ. ಎರಡು ಲೋಕಗಳೂ ಒಂದಕ್ಕೊಂದು ತಾಗದಂತೆ ಇರಿಸಲು ಸಮುದ್ರ ಇತ್ತು, ಅದನ್ನು ಬಳಸಿಕೊಂಡರು.

1981ರಲ್ಲಿ ಹುಲುಲೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾದ ಮೇಲೆ ಯುರೋಪಿನ ವಿಮಾನಗಳು ನೇರ ಬಂದವು. ಆದರೂ ದೋಣಿ ಮುಟ್ಟುವಷ್ಟು ದೂರಕ್ಕೆ ಮಾತ್ರ ರೆಸಾರ್ಟು. ತೊಂಬತ್ತರ ದಶಕದಲ್ಲಿ ನೀರಿನ ಮೇಲೆ ಇಳಿಯುವ ಟ್ವಿನ್ ಆಟರ್ ವಿಮಾನಗಳು ಈ ಮಿತಿ ಮುರಿದವು. ಬರಿಗಾಲ ಪೈಲಟ್ಟುಗಳು ಮೈಲಿಗಟ್ಟಲೆ ದೂರದ ಹವಳವರ್ತುಲಗಳನ್ನೂ ಮಾರುಕಟ್ಟೆಗೆ ತಂದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟುವ ಮನೆಗಳು ಮಾಲ್ಡೀವ್ಸ್‌ನ ಗುರುತೇ ಆಗಿಬಿಟ್ಟಿವೆ, ಆದರೆ ಅದು ಇಲ್ಲಿಯ ಬುದ್ಧಿಯಲ್ಲ. 1967ರಲ್ಲಿ ಫ್ರೆಂಚ್ ಪಾಲಿನೇಷ್ಯಾದ ರೈಯಾತಿಯಾ ದ್ವೀಪದಲ್ಲಿ ಮೂವರು ಅಮೆರಿಕನ್ನರು ತಮ್ಮ ಹೋಟೆಲಿಗೆ ಒಳ್ಳೆಯ ಮರಳಿನ ತೀರವಿಲ್ಲವೆಂದು ಮಾಡಿದ ಉಪಾಯ. ತೀರವಿಲ್ಲದ ಕಡೆ ಹುಟ್ಟಿದ್ದು, ತೀರಕ್ಕೇನೂ ಕೊರತೆಯಿಲ್ಲದ ದೇಶದಲ್ಲಿ ಅತಿ ದುಬಾರಿ ಕೋಣೆಯಾಯಿತು.

ಕಸವನ್ನು ಮರೆಮಾಡಲೂ ಒಂದು ದ್ವೀಪ ಬೇಕಾಯಿತು. 1992ರಲ್ಲಿ ಮಾಲೆಯ ಪಶ್ಚಿಮಕ್ಕೆ ಈಗಿನ ತಿಲಫುಶಿ ಇರುವ ಲಗೂನಿನಲ್ಲಿ ಕಸ ಸುರಿಯಲು ಶುರುಮಾಡಿದರು. ಕಸದ ಮೇಲೆ ಮರಳು, ಮರಳಿನ ಮೇಲೆ ಕಸ. ಈಗ ಅದು ಕಾರ್ಖಾನೆಗಳಿರುವ ದ್ವೀಪ. ಎರಡು ಚದರ ಕಿಲೋಮೀಟರಿನ ಆಸುಪಾಸಿನ ಮಾಲೆಯಲ್ಲಿ ಜನ ಒಬ್ಬರ ಮೇಲೊಬ್ಬರು ಬದುಕುತ್ತಿದ್ದರೆ, ಅಷ್ಟೇ ದೊಡ್ಡ ನೀಲಿಯ ನಡುವೆ ಒಂದೊಂದು ಜೋಡಿಗೆ ಒಂದೊಂದು ಮನೆ. 1998ರ ಎಲ್ ನಿನೋ ವರ್ಷ ಸಮುದ್ರ ಕಾದು ಹವಳ ಬಿಳಿಚಿಕೊಂಡಿತು. 2004ರ ಡಿಸೆಂಬರಿನ ಸುನಾಮಿ ಸುಮಾರು ನೂರು ಜೀವ ಬಲಿ ಪಡೆಯಿತು. ಮುಳುಗುವ ಉಡುಪು ತೊಟ್ಟು ಕಡಲಡಿಯಲ್ಲಿ ಸಂಪುಟ ಸಭೆ ನಡೆಸಿದ 2009ರ ಚಿತ್ರ ಜಗತ್ತಿನಾದ್ಯಂತ ಅಚ್ಚಾಯಿತು. ಆ ಸಭೆ ನಡೆಸಿದ ಅಧ್ಯಕ್ಷ ಮೊಹಮದ್ ನಶೀದ್ ಅವರ ಸರ್ಕಾರ ಅದೇ ವರ್ಷ ಮಾಡಿದ ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಊರುಗಳಲ್ಲಿ ಗೆಸ್ಟ್‌ಹೌಸ್ ತೆರೆಯಲು ಅನುಮತಿ ಸಿಕ್ಕಿತು. ಎರಡೂವರೆ ದಶಕದ ಬೇಲಿ ಬಿತ್ತು.

ಮೊದಲು ಓಡಿದ್ದು ಮಾಫುಶಿ. ಮೀನುಗಾರರ ಊರು, ದೇಶದ ದೊಡ್ಡ ಜೈಲು ಇರುವುದೂ ಅಲ್ಲೇ. ಕೆಲವೇ ವರ್ಷಗಳಲ್ಲಿ ಬೀದಿಗೊಂದರಂತೆ ಗೆಸ್ಟ್‌ಹೌಸುಗಳು ಎದ್ದವು. ಮನೆಯ ಯಜಮಾನನೇ ಹೋಟೆಲಿನ ಯಜಮಾನ, ಅವನ ದೋಣಿಯೇ ವಿಹಾರದ ದೋಣಿ. ಬಿಕಿನಿಗೆ ತಡಿಕೆ ಕಟ್ಟಿದ ಪ್ರತ್ಯೇಕ ತೀರ, ಮಿಕ್ಕ ಕಡೆ ಮೈಮುಚ್ಚುವ ಬಟ್ಟೆ. ಬೆಂಗಳೂರಿನ ಐಟಿ ಉದ್ಯೋಗಿಯ ಸಂಬಳಕ್ಕೆ ಮಾಲ್ಡೀವ್ಸ್ ಎಟುಕಿದ್ದು ನೀರಿನ ಮೇಲಿನ ಮನೆಯಿಂದಷ್ಟೇ ಅಲ್ಲ, ಇಂಥ ಊರುಗಳಿಂದಲೂ.

ಭಾರತೀಯರ ಸರದಿ ಬಂದದ್ದು ಕೊರೋನಾ ಕಾಲದಲ್ಲಿ. ಜಗತ್ತೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಮಾಲ್ಡೀವ್ಸ್ 2020ರ ಜುಲೈಯಲ್ಲೇ ತೆರೆಯಿತು. ಒಂದು ದ್ವೀಪ, ಒಂದು ರೆಸಾರ್ಟ್ ಎಂಬ ಹಳೆಯ ಏರ್ಪಾಡು ಹೇಳಿ ಮಾಡಿಸಿದ ಕ್ವಾರಂಟೈನ್ ಆಗಿಬಿಟ್ಟಿತು. ಸಿನಿಮಾದವರು ಹೋದರು, ಫೋಟೋ ಹಾಕಿದರು. ಹೊಸದಾಗಿ ಮದುವೆಯಾದವರು ಹಿಂಬಾಲಿಸಿದರು. 2020ರಿಂದ 2023ರವರೆಗೆ ಅಲ್ಲಿಗೆ ಹೋದ ವಿದೇಶಿಯರಲ್ಲಿ ಭಾರತೀಯರದ್ದೇ ಮೊದಲ ಸ್ಥಾನ. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಲಕ್ಷದ್ವೀಪದ ತೀರದಲ್ಲಿ ಕುಳಿತ ಚಿತ್ರಗಳು ಬಂದವು, ಮಾಲೆಯ ಮೂವರು ಉಪಸಚಿವರು ಹಗುರವಾಗಿ ಮಾತಾಡಿ ಅಮಾನತಾದರು, ಟಿಕೆಟ್ ರದ್ದು ಮಾಡುವ ಅಭಿಯಾನ ನಡೆಯಿತು. ಹಿಂದಿನ ವರ್ಷ ಎರಡು ಲಕ್ಷ ದಾಟಿದ್ದ ಭಾರತೀಯರ ಸಂಖ್ಯೆ ಆ ವರ್ಷ ಒಂದೂಕಾಲು ಲಕ್ಷದ ಸುತ್ತ ನಿಂತಿತು. ಮಾಲ್ಡೀವ್ಸ್‌ಗೇನೂ ಕೊರತೆ ಬೀಳಲಿಲ್ಲ. ಒಟ್ಟು ಪ್ರವಾಸಿಗರು ಅದೇ ವರ್ಷ ಇಪ್ಪತ್ತು ಲಕ್ಷ ಮೀರಿದರು.

ಮಾಲ್ಡೀವ್ಸ್ ಬಿಟ್ಟು ಲಕ್ಷದ್ವೀಪಕ್ಕೆ ಹೋಗಿ ಎಂದು ಆಗ ಬರೆದವರಲ್ಲಿ ಎಷ್ಟೋ ಮಂದಿಗೆ ಆ ದ್ವೀಪಗಳಲ್ಲಿ ಕೆಲವು ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಗೊತ್ತಿರಲಿಕ್ಕಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಐದೂ ಮೊದಲು ಟಿಪ್ಪುವಿನ ಆಡಳಿತಕ್ಕೆ, ಅವನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು, 1956ರವರೆಗೆ ದಕ್ಷಿಣ ಕನ್ನಡದ ಕಲೆಕ್ಟರರ ಅಧಿಕಾರದಲ್ಲಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರ್ಕಾರಕ್ಕೇ ಒಪ್ಪಿಸಬೇಕಿತ್ತು, ಬದಲಿಗೆ ಅಕ್ಕಿ ಸಿಗುತ್ತಿತ್ತು. ಇವತ್ತಿಗೂ ಹಳೆ ಬಂದರಿನ ಧಕ್ಕೆಯಿಂದ ಮಂಜಿ ಹಡಗುಗಳು ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಆ ಕಡೆಗೆ ಹೊರಡುತ್ತವೆ.

ಅಲ್ಲಿ ರಜೆಯ ದ್ವೀಪವೊಂದನ್ನು ಆರಿಸಿದ್ದು 1974ರಲ್ಲಿ, ಕುರುಂಬಾ ಶುರುವಾದ ಎರಡೇ ವರ್ಷಕ್ಕೆ. ಬಂಗಾರಂ. ಆಗಿನ ಸೂತ್ರವೂ ಅದೇ: ಊರಿಲ್ಲದ ದ್ವೀಪ, ವಿದೇಶಿಯರಿಗೆ ಪ್ರವೇಶ, ಇಡೀ ಲಕ್ಷದ್ವೀಪದಲ್ಲಿ ಪಾನನಿರೋಧವಿದ್ದರೂ ಅಲ್ಲಿ ಮಾತ್ರ ಮದ್ಯ. ಈ ದ್ವೀಪಸಮೂಹಕ್ಕೆ 1967ರ ನಿಯಮದ ಪ್ರಕಾರ ಹೊರಗಿನ ಭಾರತೀಯರೂ ಪರವಾನಗಿ ಪಡೆದೇ ಹೋಗಬೇಕು. ಮಾಲ್ಡೀವ್ಸ್‌ನಲ್ಲಿ ಪ್ರವಾಸಿಗರು ಊರು ಪ್ರವೇಶಿಸದಂತೆ ತಡೆದಿದ್ದ ಬೇಲಿ ಬಿದ್ದು ಒಂದೂವರೆ ದಶಕ ಕಳೆದಿದೆ. ಇಲ್ಲಿ ಪರವಾನಗಿಯ ಬೇಲಿಯ ಪಕ್ಕದಲ್ಲೇ ಹೊಸ ಯೋಜನೆಗಳು ಬಂದು ನಿಂತಿವೆ. ನೀತಿ ಆಯೋಗ ನೀರಿನ ಮೇಲಿನ ಮನೆಗಳಿಗೆಂದು ಗುರುತಿಸಿದ ಹೆಸರುಗಳಲ್ಲಿ ಮಿನಿಕಾಯ್ ಇದೆ, ಸುಹೇಲಿ ಇದೆ, ಕಡಮತ್ ಕೂಡ ಇದೆ. ಈ ಮೂರರಲ್ಲಿ ಊರಿಲ್ಲದ್ದು ಸುಹೇಲಿ ಒಂದೇ. ಅಲ್ಲಿಯೂ ಮೀನಿನ ಕಾಲ ಬಂದರೆ ಕವರತ್ತಿ, ಅಗತ್ತಿಗಳಿಂದ ದೋಣಿಗಳು ಬಂದು, ತೀರದಲ್ಲಿ ಗುಡಿಸಲು ಹಾಕಿ, ಸೂರೆ ಬೇಯಿಸಿ ಒಣಗಿಸುತ್ತವೆ.